ನಾರ್ಡ್‌ಶ್ಲೈಫೆ ಟ್ಯಾಕ್ಸಿ ಲ್ಯಾಪ್: ಸಬೀನಾ ಶ್ಮಿಟ್ಸ್ ಓಡಾಡಿದ ರೋಡಲ್ಲಿ ಪಕ್ಕದ ಸೀಟು

ಜರ್ಮನಿಯ ನಾರ್ಡ್‌ಶ್ಲೈಫೆ ಅನ್ನೋ ರೇಸ್ ಟ್ರ್ಯಾಕಲ್ಲಿ ದುಡ್ಡು ಕೊಟ್ಟು ಅನುಭವ ಇರೋ ಡ್ರೈವರ್ ಪಕ್ಕ ಕೂತು ಹೊಡೆಯೋ ಒಂದು ಸುತ್ತಿಗೆ ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಸಬೀನಾ ಶ್ಮಿಟ್ಸ್ ಅನ್ನೋ ಜರ್ಮನ್ ರೇಸ್ ಡ್ರೈವರ್ ಹೆಸ್ರು ಮಾಡಿದ ಟ್ರ್ಯಾಕ್ ಅದು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಟೈಮ್ ಇದ್ರೆ ಓದಿ, ಯಾಕಂದ್ರೆ ಹೋಗೋಕೆ ಮುಂಚೆ ನಾನು ಎಷ್ಟು ಹುಡುಕಿದ್ರೂ ಸಿಕ್ಕಿದ್ದೆಲ್ಲ ಕಾರಿನ ಹಾರ್ಸ್‌ಪವರ್ ಕಥೆ, ಟಯರ್ ಕಥೆ, ದುಡ್ಡು ಕೊಟ್ಟು ಪಕ್ಕದ ಸೀಟಲ್ಲಿ ಕೂರೋರಿಗೆ ಏನಾಗುತ್ತೆ, ಅವ್ರನ್ನ ಹೇಗೆ ನೋಡ್ಕೋತಾರೆ ಅನ್ನೋದು ಎಲ್ಲೂ ಸಿಗ್ಲಿಲ್ಲ. ನಂಗೆ ಬೇಕಾಗಿದ್ದು ಅದೇ.

ಜಾಗ ಜರ್ಮನಿಯ ನ್ಯೂರ್ಬರ್ಗ್‌ರಿಂಗ್. ನಾನಿರೋದು ಕಲೋನ್ ಹತ್ರ, ಅಲ್ಲಿಂದ ಸುಮಾರು 90 ಕಿಲೋಮೀಟರ್, ಆದ್ರೂ ಏಳು ವರ್ಷ ಇಲ್ಲಿದ್ದು ಒಂದ್ಸಲನೂ ಹೋಗಿರ್ಲಿಲ್ಲ. ಕಳೆದ ಸೆಪ್ಟೆಂಬರಲ್ಲಿ ತಮ್ಮ ಬೆಂಗಳೂರಿಂದ ಬಂದಿದ್ದ, ಅವನಿಗೋಸ್ಕರ ಅಂತ ಹೊರಟಿದ್ದು, ಆದ್ರೆ ನಿಜ ಹೇಳ್ಬೇಕು ಅಂದ್ರೆ ಆಸೆ ನಂದೇ, ಹದಿನೈದು ವರ್ಷದ ಹಿಂದಿನ ಆಸೆ.

ಅಲ್ಲಿರೋ ಹಳೇ ಟ್ರ್ಯಾಕ್ ಹೆಸ್ರು ನಾರ್ಡ್‌ಶ್ಲೈಫೆ. 1927ರಲ್ಲಿ ಶುರುವಾಗಿದ್ದು, ಒಂದು ಸುತ್ತು 20.8 ಕಿಲೋಮೀಟರ್, ತಿರುವು 73 ಅಂತ ಲೆಕ್ಕ ಹೇಳ್ತಾರೆ, ಐಫಲ್ ಬೆಟ್ಟದ ಕಾಡೊಳಗೆ ಹತ್ತಿ ಇಳಿದು ಹತ್ತಿ ಇಳಿದು ಹೋಗುತ್ತೆ, ತೀರಾ ತಗ್ಗಿನ ಜಾಗಕ್ಕೂ ತೀರಾ ಎತ್ತರದ ಜಾಗಕ್ಕೂ ಹೆಚ್ಚುಕಮ್ಮಿ 300 ಮೀಟರ್ ವ್ಯತ್ಯಾಸ. ನಮ್ಮ ಆಗುಂಬೆಲಿ 14 ಹೇರ್‌ಪಿನ್ ಇಳಿದು ಮುಗಿಸಿದಾಗ ಕಿವಿ ಒಂಥರಾ ಗುಂಯ್ ಅನ್ನುತ್ತಲ್ಲ, ಇಲ್ಲಿ ಅದು ಒಂದೇ ಸುತ್ತಲ್ಲಿ ಎರಡು ಸಲ ಆಗುತ್ತೆ. ಫಾರ್ಮುಲಾ ಒನ್ ಡ್ರೈವರ್ ಜಾಕಿ ಸ್ಟೀವರ್ಟ್ ಇದಕ್ಕೆ ಹಸಿರು ನರಕ ಅಂತ ಹೆಸರಿಟ್ಟಿದ್ದು. 1976ರಲ್ಲಿ ಇನ್ನೊಬ್ಬ ಫಾರ್ಮುಲಾ ಒನ್ ಡ್ರೈವರ್ ನಿಕಿ ಲೌಡಾ ಕಾರು ಹೊತ್ತಿ ಉರಿದಿದ್ದು ಇದೇ ರೋಡಲ್ಲಿ, ಆಮೇಲೆ ಫಾರ್ಮುಲಾ ಒನ್ ಈ ಉದ್ದದ ಟ್ರ್ಯಾಕಿಗೆ ವಾಪಸ್ ಬರ್ಲೇ ಇಲ್ಲ.

ಆದ್ರೆ ವಿಶೇಷ ಏನಂದ್ರೆ ರೇಸು, ಟೆಸ್ಟಿಂಗು ಇಲ್ಲದ ಹೊತ್ತಲ್ಲಿ ಇದೊಂದು ಟೋಲ್ ರೋಡ್. ಒನ್ ವೇ ಟೋಲ್ ರೋಡ್, ಅಷ್ಟೇ. ಲೈಸೆನ್ಸ್ ಇರೋರು ನಂಬರ್ ಪ್ಲೇಟ್ ಇರೋ ಕಾರು ತಗೊಂಡ್ ಬಂದು ದುಡ್ಡು ಕಟ್ಟಿ ಗೇಟ್ ಎತ್ತಿಸ್ಕೊಂಡು ಒಳಗೆ ಹೋಗ್ಬಹುದು, ಜರ್ಮನಿಯ ಮಾಮೂಲಿ ಟ್ರಾಫಿಕ್ ರೂಲ್ಸೇ ಅಲ್ಲೂ, ಓವರ್‌ಟೇಕ್ ಎಡಗಡೆಯಿಂದ ಮಾತ್ರ, ಲ್ಯಾಪ್ ಟೈಮ್ ಅಳೆಯೋ ಹಾಗಿಲ್ಲ. ನಾವು ಹೋಗಿದ್ದು ವಾರದ ಮಧ್ಯ, ಒಂದು ಸುತ್ತಿಗೆ 30 ಯೂರೋ ಇತ್ತು, ವಾರಾಂತ್ಯ ಇನ್ನೂ ಜಾಸ್ತಿ. ಅದು ನಿಮ್ಮ ಕಾರು ನೀವೇ ಓಡಿಸಿದ್ರೆ. ಓಡ್ಸೋಕೆ ಧೈರ್ಯ ಇಲ್ಲ, ಆದ್ರೆ ಆ ರೋಡು ನಿಜವಾಗ್ಲೂ ಏನು ಅಂತ ತಿಳ್ಕೋಬೇಕು ಅನ್ನೋರಿಗೆ ಟ್ಯಾಕ್ಸಿ ಲ್ಯಾಪ್ ಅಂತಿದೆ, ಅನುಭವ ಇರೋ ಡ್ರೈವರ್ ಪಕ್ಕ ಕೂರಿಸ್ಕೊಂಡು ಒಂದು ಸುತ್ತು ಹೊಡೆಸ್ತಾರೆ. ನಾನು ಕೊಟ್ಟಿದ್ದು 250 ಯೂರೋ ಹತ್ರ. ಸಣ್ಣ ಮೊತ್ತ ಅಲ್ಲ ಗೊತ್ತು, ಆ ದುಡ್ಡಿಗೆ ಏನು ಸಿಕ್ತು ಅಂತ ಹೇಳೋಕೇ ಈ ರಿವ್ಯೂ.

ಈ ಸರ್ವಿಸ್ ಕೊಡೋ ಕಂಪನಿ ಅಲ್ಲಿ ಹಲವಾರಿವೆ, ಒಂದು ಕಂಪನಿಗೆ ಜಾಹೀರಾತು ಆಗ್ಬಾರ್ದು ಅಂತ ಹೆಸ್ರು ಹಾಕ್ತಿಲ್ಲ. ನಾವು ಮೊದ್ಲು ಬುಕ್ ಮಾಡಿದ್ದು ಬೇರೆ ಒಂದ್ಕಡೆ, ಬೆಳಿಗ್ಗೆ ಮಂಜು ಬಿದ್ದು ರೋಡ್ ಮುಚ್ಚಿದ್ರು, ಅದು ಯಾರ ತಪ್ಪೂ ಅಲ್ಲ, ಆದ್ರೆ ಆ ಕಂಪನಿಯವ್ರು ಫೋನೂ ಎತ್ತಲಿಲ್ಲ, ಮೆಸೇಜೂ ಇಲ್ಲ, ನಾವಿಬ್ರೂ ಪಾರ್ಕಿಂಗಲ್ಲಿ ಎರಡೂವರೆ ಗಂಟೆ ಜಾಕೆಟ್ ಮುಚ್ಕೊಂಡು ಕೂತಿದ್ವಿ, ದುಡ್ಡು ವಾಪಸ್ ಬಂದಿದ್ದು ಏಳು ವಾರ ಆದ್ಮೇಲೆ. ಹಾಗಾಗಿ ಬುಕ್ ಮಾಡೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ಮಂಜಿಗೋ ಆಕ್ಸಿಡೆಂಟಿಗೋ ರೋಡ್ ಮುಚ್ಚಿದ್ರೆ ನನಗೆ ಯಾರು ಫೋನ್ ಮಾಡ್ತಾರೆ? ನೇರ ಉತ್ತರ ಬರದಿದ್ರೆ ಬಿಟ್ಬಿಡಿ. ಎರಡನೇ ಸಲ ನಾನು ಹೀಗೆ ಕೇಳಿದಾಗ ಆ ಕಡೆಯವ್ರು ಡ್ರೈವರ್ ನಂಬರ್ರೇ ಕೊಟ್ರು.

ಈಗ ಆಸೆ ವಿಷ್ಯ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ರೂಮಲ್ಲಿ ಯಾರದ್ದೋ ಲ್ಯಾಪ್‌ಟಾಪಲ್ಲಿ ಬಿಬಿಸಿಯ ಕಾರಿನ ಶೋ ಟಾಪ್ ಗೇರ್ ನೋಡ್ತಿದ್ವಿ. ಅದ್ರಲ್ಲಿ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಡೀಸೆಲ್ ಜಾಗ್ವಾರ್ ತಗೊಂಡು ನಾರ್ಡ್‌ಶ್ಲೈಫೆನ 10 ನಿಮಿಷದೊಳಗೆ ಸುತ್ತಬೇಕು ಅಂತ ಪಡಿಪಾಟಲು ಪಟ್ಟು ಕೊನೆಗೆ 9 ನಿಮಿಷ 59 ಸೆಕೆಂಡಲ್ಲಿ ಮುಗಿಸ್ತಾನೆ. ಅವನಿಗೆ ಹೇಳ್ಕೊಡ್ತಿದ್ದ ಜರ್ಮನ್ ಹೆಂಗಸು, ಹೊಂಬಣ್ಣದ ಕೂದಲು, ಬಾಯಿ ತುಂಬ ನಗು, ಅದೇ ಕಾರಲ್ಲಿ ಕೂತು 9 ನಿಮಿಷ 12 ಸೆಕೆಂಡಲ್ಲಿ ಸುತ್ತಿ ಬರ್ತಾರೆ. ಅಷ್ಟಕ್ಕೇ ಬಿಡಲ್ಲ, ನಿನ್ನ ಟೈಮನ್ನ ನಾನು ವ್ಯಾನಲ್ಲೇ ಮಾಡ್ತೀನಿ ಅಂತಾರೆ. 2005ರಲ್ಲಿ ಮಾಡೇ ತೋರಿಸಿದ್ರು, ಸಾಮಾನು ಹೊರೋ ಫೋರ್ಡ್ ಟ್ರಾನ್ಸಿಟ್ ಡೀಸೆಲ್ ವ್ಯಾನ್, 10 ನಿಮಿಷ 8 ಸೆಕೆಂಡ್. ಬರೀ 9 ಸೆಕೆಂಡಿಗೆ ತಪ್ಪಿತು. ನಮ್ಮ ರೂಮಲ್ಲಿ ಅವತ್ತು ಆರು ಜನ ಹುಡುಗೀರಿದ್ವಿ, ಆ ವ್ಯಾನು ತಿರುವಲ್ಲಿ ವಾಲ್ಕೊಂಡು ಸ್ಪೋರ್ಟ್ಸ್ ಕಾರು ಬೈಕುಗಳ ಹಿಂದೆ ಬಿದ್ದಾಗ ಎಲ್ರೂ ಎದ್ದು ನಿಂತು ಕೂಗಿದ್ದು ನೆನಪಿದೆ. ಆ ಹೆಂಗಸು ಸಬೀನಾ ಶ್ಮಿಟ್ಸ್. ಅವಾಗ ನಂಗೆ ಅವ್ರು ಟಿವಿಯವ್ರು ಅಂತ ಅಷ್ಟೇ ಗೊತ್ತಿದ್ದಿದ್ದು. ಆಮೇಲೆ ಒಂದೊಂದಾಗಿ ಓದ್ತಾ ಹೋದ ಹಾಗೆ ಟಿವಿ ಅನ್ನೋದು ಅವ್ರ ಜೀವನದಲ್ಲಿ ಆಮೇಲೆ ಬಂದ ಸಣ್ಣ ವಿಷ್ಯ ಅಂತ ಗೊತ್ತಾಯ್ತು.

ಲ್ಯಾಪಿಗೆ ಬರ್ತೀನಿ. ನಮ್ಮ ಡ್ರೈವರ್ ಐವತ್ತು ದಾಟಿದ ಮನುಷ್ಯ, ಬಿಎಂಡಬ್ಲ್ಯು ಎಂ3. ಕಾರ್ ಹತ್ತೋಕೆ ಮುಂಚೆ ಹೆಲ್ಮೆಟ್ ಪಟ್ಟಿ ತಾವೇ ಎಳೆದು ನೋಡಿದ್ರು, ಬೆಳಿಗ್ಗೆ ಏನ್ ತಿಂದ್ರಿ ಅಂತ ಕೇಳಿದ್ರು, ಕತ್ತು ನೋವು ಬೆನ್ನು ನೋವು ಇದ್ಯಾ ಕೇಳಿದ್ರು. ಆಮೇಲೆ ಕೈ ಸನ್ನೆ ಹೇಳ್ಕೊಟ್ರು: ಹೆಬ್ಬೆರಳು ಎತ್ತಿದ್ರೆ ಎಲ್ಲ ಸರಿ, ಅಂಗೈಯನ್ನ ಕೆಳಗೆ ಒತ್ತಿದ ಹಾಗೆ ಮಾಡಿದ್ರೆ ನಿಧಾನ. "ನೀವು ಕೈ ಒತ್ತಿದ್ರೆ ನಾನು ಯಾಕೆ ಅಂತ ಕೇಳಲ್ಲ, ನಿಧಾನ ಮಾಡ್ತೀನಿ, ಅಷ್ಟೇ" ಅಂದ್ರು. ಈ ಒಂದು ಮಾತಿಗೇ ನಾನು ಒಂದು ಸ್ಟಾರ್ ಕೊಟ್ಟಾಗಿತ್ತು.

ಗೇಟ್ ದಾಟಿ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಬರೋ ಭಾಗದ ಹೆಸ್ರು ಟಿಯರ್‌ಗಾರ್ಟನ್. ನ್ಯೂರ್ಬರ್ಗ್ ಊರಲ್ಲಿ ಇದೇ ಹೆಸ್ರು ಇಟ್ಕೊಂಡಿರೋ ಹೋಟೆಲ್ ಒಂದಿದೆ, ಹೋಟೆಲ್ ಆಮ್ ಟಿಯರ್‌ಗಾರ್ಟನ್, ಸಬೀನಾ ಬೆಳೆದಿದ್ದು ಆ ಹೋಟೆಲಲ್ಲಿ. ಅಪ್ಪ ಅಮ್ಮಂದು ಹೋಟೆಲ್ ಕಸುಬು. ಮನೇಲಿ ಸಬೀನಾ ಸೇರಿ ಮೂರು ಜನ ಅಕ್ಕತಂಗೀರು, ಅವ್ರೂ ಹೋಟೆಲ್ ಕೆಲಸದ ತರಬೇತಿ ತಗೊಂಡ್ರು, ಯಾವ ಊಟಕ್ಕೆ ಯಾವ ವೈನು ಅಂತ ಹೇಳೋ ಸೊಮೆಲಿಯೇ ಓದನ್ನೂ ಸಬೀನಾ ಮಾಡಿದ್ರು. ಮೂರೂ ಜನ ರೇಸ್ ಶುರು ಮಾಡಿದ್ದು ನಿಜ, ಗೆದ್ದು ಗೆದ್ದು ಮುಂದೆ ಹೋಗಿದ್ದು ಇವ್ರೊಬ್ರು. ರೇಸ್ ಡ್ರೈವರ್ ಆಗ್ಬೇಕು ಅಂದ್ರೆ ಮಾಮೂಲಾಗಿ ಏಳೆಂಟು ವರ್ಷದ ವಯಸ್ಸಿಗೇ ಗೋ ಕಾರ್ಟು, ಆಮೇಲೆ ಸಣ್ಣ ಫಾರ್ಮುಲಾ ಕಾರು, ಪ್ರತಿ ಮೆಟ್ಟಿಲಿಗೂ ಅಪ್ಪನ ದುಡ್ಡು ಇಲ್ಲ ಅಂದ್ರೆ ಸ್ಪಾನ್ಸರ್ ದುಡ್ಡು. ಹುಡುಗೀರು ಅಲ್ಲೇ ಅರ್ಧಕ್ಕರ್ಧ ನಿಂತ್ಹೋಗ್ತಾರೆ, ಮಗನಿಗಾದ್ರೆ ಸಾಲ ಮಾಡೋ ಅಪ್ಪ ಮಗಳಿಗೆ ಯೋಚನೆ ಮಾಡ್ತಾನೆ, ಇದು ಎಲ್ಲಾ ದೇಶದಲ್ಲೂ ಇರೋದೇ. ಆದ್ರೆ ಈ ರೋಡು ಮನೆ ಬಾಗಿಲಲ್ಲಿತ್ತು, ಟೋಲ್ ಕಟ್ಟಿದೋರು ಗಂಡೋ ಹೆಣ್ಣೋ ಅಂತ ಗೇಟು ನೋಡಲ್ಲ. ಸಬೀನಾ ಮೇಲೆ ಬಂದಿದ್ದು ಲ್ಯಾಪ್ ಮೇಲೆ ಲ್ಯಾಪ್ ಹಾಕಿ ಹಾಕಿ ಅಂತ ನಾನು ನಂಬಿದೀನಿ, ಆ ರೋಡಲ್ಲಿ ಕೂತು ಬಂದ ಮೇಲೆ ಇನ್ನೂ ಗಟ್ಟಿಯಾಗಿ ನಂಬ್ತೀನಿ.

ಯಾಕಂದ್ರೆ ಈ ರೋಡು ಕಾಣಲ್ಲ. ಫೋಟೋ ವಿಡಿಯೋದಲ್ಲಿ ಚಪ್ಪಟೆಯಾಗಿ ಕಾಣುತ್ತೆ, ಕೂತಾಗ ಗೊತ್ತಾಗೋದು, ಎದುರಿಗೆ ದಿಬ್ಬ, ದಿಬ್ಬದ ಆಚೆ ಆಕಾಶ, ರೋಡು ಎಡಕ್ಕೋ ಬಲಕ್ಕೋ ಗೊತ್ತಿಲ್ಲ, ಆದ್ರೆ ಡ್ರೈವರ್ ಆಗ್ಲೇ ಸ್ಟೇರಿಂಗ್ ತಿರುಗಿಸಿ ಆಗಿದೆ. ಹಾಟ್ಸೆನ್‌ಬಾಖ್ ಅಂತ ಮೊದ್ಲು ಸಾಲಾಗಿ ಎಡ ಬಲ ಎಡ ಬಲ ಬರುತ್ತೆ, ತೂಗಿ ತೂಗಿ ಇಡ್ತಾರೆ ಕಾರನ್ನ. ಫ್ಲೂಗ್‌ಪ್ಲಾಟ್ಸ್ ಅಂದ್ರೆ ಅವ್ರ ಭಾಷೆಲಿ ವಿಮಾನ ನಿಲ್ದಾಣ, ಅಲ್ಲಿ ದಿಬ್ಬದ ಮೇಲೆ ಕಾರು ಹಗುರ ಆಯ್ತು, ಹೊಟ್ಟೆ ಒಂದು ಕ್ಷಣ ಹಿಂದೆ ಉಳಿದು ಆಮೇಲೆ ಬಂದು ಸೇರ್ಕೊಂಡ ಹಾಗೆ. ನಾನು ಹೆಬ್ಬೆರಳು ಎತ್ತಿದೆ, ಅವ್ರು ತಲೆ ಆಡ್ಸಿದ್ರು.

ಮುಂದೆ ಫುಕ್ಸ್‌ರ್ಯೋರೆ. ನರಿ ಬಿಲ ಅಂತ ಅರ್ಥ. ಕಾಡಿನ ಮಧ್ಯ ಬಾವಿಗೆ ಇಳಿದ ಹಾಗೆ ಕೆಳಗೆ ಕೆಳಗೆ ಹೋಗುತ್ತೆ, ವೇಗ ಏರ್ತಾನೇ ಇರುತ್ತೆ, ತಳ ಮುಟ್ಟಿದಾಗ ಇಡೀ ಕಾರನ್ನ ಯಾರೋ ಮೇಲಿಂದ ಅದುಮಿದ ಹಾಗೆ, ಗಲ್ಲ ಎದೆಗೆ ತಾಗಿತು ನಂಗೆ, ಕಣ್ಣು ಮುಚ್ಚಿ ಬಿಡೋ ಅಷ್ಟ್ರಲ್ಲಿ ಅದೇ ವೇಗದಲ್ಲಿ ಏರು. ಇದರ ಹೆಸರಲ್ಲೇ ಸಬೀನಾ ಊರಲ್ಲಿ ಒಂದು ಬಾರ್ ರೆಸ್ಟೋರೆಂಟ್ ಇಟ್ಕೊಂಡಿದ್ರು, 2000ದಲ್ಲಿ ವಾಪಸ್ ನ್ಯೂರ್ಬರ್ಗಿಗೆ ಬಂದಮೇಲೆ, 2003ರಲ್ಲಿ ಮಾರಿದ್ರು. ಅಂದ್ರೆ ಎಷ್ಟೊತ್ತಿಗೆ ಗೊತ್ತಾ? ಇದೇ ಟ್ರ್ಯಾಕಲ್ಲಿ ನಡೆಯೋ 24 ಗಂಟೆ ರೇಸನ್ನ ಎರಡು ಸಲ ಗೆದ್ದಾದ ಮೇಲೂ ಊರಲ್ಲಿ ಬಂದೋರಿಗೆ ಬಿಯರ್ ಕೊಟ್ಕೊಂಡಿದ್ರು.

ಬ್ರೈಡ್‌ಶೈಡ್ ಸೇತುವೆ ತೀರಾ ತಗ್ಗಿನ ಜಾಗ. ಅಲ್ಲೇ ಪಕ್ಕದಲ್ಲಿ ಆಡೆನಾವ್ ಅಂತ ಊರು, 1969ರ ಮೇ 14ಕ್ಕೆ ಸಬೀನಾ ಹುಟ್ಟಿದ್ದು ಅಲ್ಲಿ. ಸೇತುವೆ ಮೇಲೆ ಹೋಗುವಾಗ ಎರಡು ಸೆಕೆಂಡು ಮನೆ ಹೆಂಚು ಕಂಡ್ವು ಅಷ್ಟೇ, ನಂಗೆ ಮಾತ್ರ ಮೈ ಜುಮ್ ಅಂತು. ಹುಟ್ಟಿದ ಊರಿನ ಪಕ್ಕದಲ್ಲೇ ಹಾದು ಹೋಗೋ ರೇಸ್ ಟ್ರ್ಯಾಕಲ್ಲಿ ಗೆದ್ದೋರು ಎಷ್ಟು ಜನ ಇರ್ಬಹುದು.

ಅಲ್ಲಿಂದ ಮೇಲಕ್ಕೆ, ಬೆರ್ಗ್‌ವೆರ್ಕ್ ದಾಟಿ ಉದ್ದದ ಏರು, ಇಂಜಿನ್ನು ಒಂದೇ ಸಮ ಕೂಗ್ತಿರುತ್ತೆ, ಅಲ್ಲಿ ಮಾತಾಡೋಕೆ ಸ್ವಲ್ಪ ಹೊತ್ತು ಸಿಗುತ್ತೆ. ಮೇಲೆ ಕಾರುಸ್ಸೆಲ್. ಇದನ್ನ ಎಷ್ಟು ವಿವರಿಸಿದ್ರೂ ಸಾಲ್ದು. ಬಾಣಲೆ ಅಂಚಿನ ಥರ ಓರೆಯಾಗಿರೋ ಕಾಂಕ್ರೀಟ್ ತಿರುವು, ಕಾರನ್ನ ಅದರೊಳಗೆ ಬೀಳಿಸ್ತಾರೆ, ಹೌದು ಬೀಳಿಸೋದೇ, ಧಡ್ ಅಂತ ಶಬ್ದ ಬರುತ್ತೆ, ಆಮೇಲೆ ಕಾಂಕ್ರೀಟ್ ಹಲಗೆ ಹಲಗೆ ಜೋಡಿಸಿರೋ ಸಂದು ಒಂದೊಂದೂ ಬೆನ್ನುಮೂಳೆಗೆ ಗೊತ್ತಾಗುತ್ತೆ, ಟಕ ಟಕ ಟಕ ಟಕ, ಹಲ್ಲು ಕಚ್ಕೊಂಡಿರ್ಬೇಕು, ಹೊರಗೆ ಬರುವಾಗ ಅಂಚು ಮತ್ತೊಂದ್ಸಲ ಎತ್ತಿ ಎಸೆಯುತ್ತೆ. ಡ್ರೈವರ್ ಒಳಗೆ ಬೀಳ್ಸೋ ಮುಂಚೆ ಎದುರಿಗಿದ್ದ ಮರ ತೋರ್ಸಿ ಏನೋ ಹೇಳಿದ್ರು, ಶಬ್ದದಲ್ಲಿ ಕೇಳಿಸ್ಲಿಲ್ಲ, ಕೆಳಗಿಳಿದ ಮೇಲೆ ಕೇಳಿದೆ, ತಿರುವು ಕಾಣಲ್ವಲ್ಲ, ಆ ಮರದ ಕಡೆ ಮುಖ ಮಾಡಿ ಬಿಟ್ರೆ ತಾನಾಗೇ ಸರಿ ಜಾಗಕ್ಕೆ ಬೀಳುತ್ತೆ ಅಂದ್ರು. ಇಂಥ ಮರ, ಇಂಥ ಕಂಬ, ಇಂಥ ಟಾರ್ ತೇಪೆ, ಮಳೆ ಬಂದ್ರೆ ಎಲ್ಲಿ ನೀರು ಹರಿಯುತ್ತೆ, ಯಾವ ತಿರುವಿಗೆ ಸಂಜೆ ಹೊತ್ತು ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಇದೆಲ್ಲ ದುಡ್ಡು ಕೊಟ್ರೆ ಬರಲ್ಲ. ಸಬೀನಾ ತಾವೇ ಲೆಕ್ಕ ಹಾಕಿದ್ದು 20,000ಕ್ಕೂ ಜಾಸ್ತಿ ಸುತ್ತು, ವರ್ಷಕ್ಕೆ 1,200ರ ಹಾಗೆ. ನಾನು ರಾತ್ರಿ ಕೂತು ಗುಣಿಸಿ ನೋಡಿದೆ, 20,000 ಸುತ್ತು ಅಂದ್ರೆ ನಾಲ್ಕು ಲಕ್ಷ ಕಿಲೋಮೀಟರ್ ದಾಟುತ್ತೆ, ಭೂಮಿನ ಹತ್ತು ಸಲ ಸುತ್ತಿದ ಹಾಗೆ, ಎಲ್ಲಾ ಅದೇ 73 ತಿರುವಲ್ಲಿ.

ಅದ್ರಲ್ಲಿ ಎಷ್ಟೋ ಸುತ್ತು ಪಕ್ಕದಲ್ಲಿ ಗಿರಾಕಿ ಕೂರಿಸ್ಕೊಂಡು ಹೊಡೆದಿದ್ದು. ಬಿಎಂಡಬ್ಲ್ಯು ಎಂ5 ರಿಂಗ್ ಟ್ಯಾಕ್ಸಿ ಓಡಿಸ್ತಿದ್ರು, 2011ರವರೆಗೂ. ಜಗತ್ತಿನ ಅತಿ ವೇಗದ ಟ್ಯಾಕ್ಸಿ ಡ್ರೈವರ್ ಅಂತ ಜನ ಕರೀತಿದ್ರು. ಆ ವಿಡಿಯೋಗಳನ್ನ ನೋಡಿ, ಒಂದು ಕಡೆ ತಿರುವು ಹೊಡೀತಾ ಇನ್ನೊಂದು ಕಡೆ ಪಕ್ಕದೋರ ಜೊತೆ ನಗ್ತಾ ಮಾತು, ಮುಂದಿರೋ ಕಾರಿಗೆ ಗದರೋದು, ಹಿಂದೆ ಕೂತೋರು ಹೇಗಿದಾರೆ ಅಂತ ಕನ್ನಡಿಲಿ ನೋಡೋದು. ನಂಗೆ ಅದು ಹೋಟೆಲ್ ಮನೆ ಮಗಳ ಗುಣ ಅನ್ಸುತ್ತೆ. ಬಂದೋರು ಗಾಬರಿ ಆಗ್ಬಾರ್ದು, ಖುಷಿಯಾಗಿ ಹೋಗ್ಬೇಕು, ಮತ್ತೆ ಬರ್ಬೇಕು. ಟ್ಯಾಕ್ಸಿ ಓಡಿಸೋದು ರೇಸಿಗಿಂತ ಕಮ್ಮಿ ಕೆಲಸ ಅಂತ ಹೇಳೋರಿಗೆ ನಾನು ಹೇಳೋದು, ಹೆದರಿದ ಮನುಷ್ಯನ್ನ ಪಕ್ಕ ಕೂರಿಸ್ಕೊಂಡು ಅದೇ ವೇಗದಲ್ಲಿ ತಪ್ಪಿಲ್ದೆ ಓಡಿಸಿ ನೋಡಿ.

ಪ್ಫ್ಲಾಂಟ್ಸ್‌ಗಾರ್ಟನ್ ಹತ್ರ ನಾನು ಅಂಗೈ ಒತ್ತಿದೆ. ಅಲ್ಲಿ ಇಳಿಜಾರಲ್ಲಿ ಮತ್ತೆ ಕಾರು ಹಗುರ ಆಗುತ್ತೆ, ಅಷ್ಟೊತ್ತಿಗೆ ಬೆಳಗಿನ ಉಪ್ಪಿಟ್ಟು ಗಂಟಲಿಗೆ ಬಂದಿತ್ತು. ಆ ಮನುಷ್ಯ ಮುಖ ಕೂಡ ತಿರುಗಿಸ್ಲಿಲ್ಲ, ಕಾಲು ಎತ್ತಿದ್ರು, ಬಲಕ್ಕೆ ಬಂದ್ರು, ಹಿಂದಿನೋರಿಗೆ ಇಂಡಿಕೇಟರ್ ಹಾಕಿದ್ರು, ಒಂದು ಹಳೇ ಪೋರ್ಷೆ ನಮ್ಮನ್ನ ದಾಟಿ ಹೋಯ್ತು, ಅವ್ರಿಗೆ ಏನೂ ಅನ್ನಿಸ್ಲಿಲ್ಲ. ಅರ್ಧ ನಿಮಿಷ ಆದ್ಮೇಲೆ ನಾನು ಹೆಬ್ಬೆರಳು ಎತ್ತಿದೆ, ಮತ್ತೆ ಶುರು. ನೋಡಿ, 250 ಯೂರೋ ಸಾರ್ಥಕ ಆಗಿದ್ದು ಅಲ್ಲಿ. ವೇಗ ಎಲ್ರೂ ತೋರಿಸ್ತಾರೆ.

ಕೊನೇಲಿ ಡ್ಯೋಟಿಂಗರ್ ಹ್ಯೋಹೆ ಅನ್ನೋ ಉದ್ದದ ನೇರ ರೋಡು, ಎರಡು ಕಿಲೋಮೀಟರಿಗೂ ಜಾಸ್ತಿ. 24 ಗಂಟೆ ರೇಸಲ್ಲಿ ರಾತ್ರಿ ಹೊತ್ತು ಇಲ್ಲಿ ಕತ್ತಲಲ್ಲಿ ಪೂರ್ತಿ ವೇಗ. ಆ ರೇಸಿಗೆ ನಾರ್ಡ್‌ಶ್ಲೈಫೆ ಜೊತೆ ಹೊಸ ಗ್ರ್ಯಾಂಡ್ ಪ್ರಿ ಟ್ರ್ಯಾಕೂ ಸೇರಿಸಿ ಸುತ್ತು 25 ಕಿಲೋಮೀಟರ್ ಆಗುತ್ತೆ, ನೂರಕ್ಕೂ ಜಾಸ್ತಿ ಕಾರು, ವೇಗದ್ದು ನಿಧಾನದ್ದು ಎಲ್ಲಾ ಒಟ್ಟಿಗೆ, ಮಳೆ ಬಂದ್ರೆ ಒಂದು ಕಡೆ ಒದ್ದೆ ಇನ್ನೊಂದು ಕಡೆ ಒಣ. ಹೆಂಗಸರಿಗೆ ಬೇರೆ ಕ್ಲಾಸು ಬೇರೆ ಕಪ್ಪು ಅಂತ ಇಲ್ಲ. 1996ರಲ್ಲಿ ಆ ರೇಸ್ ಗೆದ್ದಿದ್ದು ಬಿಎಂಡಬ್ಲ್ಯು ಎಂ3, ಶೋರೂಮ್ ಕಾರಿಗೆ ಹತ್ತಿರ ಇರೋ ಗ್ರೂಪ್ ಎನ್ ಕಾರು, ಓಡಿಸಿದೋರಲ್ಲಿ ಒಬ್ರು ಸಬೀನಾ, ಜೊತೆಗೆ ಅದೇ ಐಫಲ್ ಸೀಮೆಯ ಯೋಹಾನೆಸ್ ಶೈಡ್. ಹಳೇ ಪಟ್ಟಿ ನೋಡಿದ್ರೆ ಸಬೀನಾ ಶ್ಮಿಟ್ಸ್ ಅಂತ ಸಿಗಲ್ಲ, ಸಬೀನಾ ರೆಕ್ ಅಂತ ಹುಡುಕ್ಬೇಕು, ಅದು ಅವಾಗಿನ ಮದುವೆ ಹೆಸ್ರು. ನ್ಯೂರ್ಬರ್ಗ್‌ರಿಂಗ್ 24 ಗಂಟೆ ರೇಸನ್ನ ಪೂರ್ತಿ ಗೆದ್ದ ಮೊದಲ ಹೆಂಗಸು. ಅದೃಷ್ಟ ಅಂದೋರಿಗೆ 1997ರಲ್ಲಿ ಮತ್ತೆ ಗೆದ್ದು ತೋರಿಸಿದ್ರು. 1998ರಲ್ಲಿ ಇಡೀ ವರ್ಷ ಅಲ್ಲೇ ನಡೆಯೋ ವಿಎಲ್ಎನ್ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್ಪೂ. ಆಮೇಲೆ ಕ್ಲೌಸ್ ಅಬೆಲನ್ ಜೊತೆ ಪೋರ್ಷೆ, 2008ರ 24 ಗಂಟೆಲಿ ಮೂರನೇ ಸ್ಥಾನ. ಅವ್ರ ಟೀಮ್ ಹೆಸ್ರು ಫ್ರಿಕಡೆಲ್ಲಿ, ಫ್ರಿಕಡೆಲ್ಲೆ ಅಂದ್ರೆ ಇಲ್ಲಿ ಖೈಮಾ ಉಂಡೆ ಥರ ಹುರಿದಿದ್ದು, ಅಬೆಲನ್ ಅವ್ರದ್ದು ಮಾಂಸದ ಪದಾರ್ಥ ಮಾಡೋ ಉದ್ಯಮ. ಈ ಮನುಷ್ಯರು ಊಟ ಬಿಟ್ಟು ಎಲ್ಲೂ ಹೋಗಲ್ಲ ನೋಡಿ. 2015ರಲ್ಲಿ ವರ್ಲ್ಡ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ನ್ಯೂರ್ಬರ್ಗ್‌ರಿಂಗಿಗೆ ಬಂದಾಗ 46ನೇ ವಯಸ್ಸಲ್ಲಿ ಶೆವ್ರೊಲೆ ಓಡಿಸಿ 10ನೇ ಸ್ಥಾನ, ಒಂದು ಪಾಯಿಂಟ್.

ಲ್ಯಾಪ್ ಮುಗಿದು ನಿಂತಾಗ ಡ್ರೈವರ್ ಇಂಜಿನ್ ಆಫ್ ಮಾಡೋ ಮುಂಚೆ ನನ್ನ ಮುಖ ನೋಡಿದ್ರು, ನೀರಿನ ಬಾಟ್ಲು ಕೈಗೆ ಕೊಟ್ರು, ಹೆಲ್ಮೆಟ್ ತೆಗೆಯೋಕೆ ಅವಸರ ಮಾಡ್ಬೇಡಿ ಅಂದ್ರು. ಸಬೀನಾ ಬಗ್ಗೆ ಕೇಳ್ಬೇಕು ಅಂತ ಎಷ್ಟೋ ಪ್ರಶ್ನೆ ಇಟ್ಕೊಂಡಿದ್ದೆ, ಬಾಯಿಗೆ ಬಂದಿದ್ದು ಥ್ಯಾಂಕ್ಸ್ ಮಾತ್ರ. 2017ರ ಕೊನೆಯಿಂದ ಅವ್ರಿಗೆ ಕ್ಯಾನ್ಸರ್ ಇತ್ತು, ಹೊರಗೆ ಹೇಳಿದ್ದು 2020ರಲ್ಲಿ, 2021ರ ಮಾರ್ಚ್ 16ಕ್ಕೆ ತೀರ್ಕೊಂಡ್ರು, 51 ವರ್ಷ. ಅದೇ ವರ್ಷ ಸೆಪ್ಟೆಂಬರಲ್ಲಿ ನಾರ್ಡ್‌ಶ್ಲೈಫೆಯ ಮೊದಲ ತಿರುವಿಗೆ ಅವ್ರ ಹೆಸ್ರಿಟ್ರು. ಇನ್ನೆರಡು ವರ್ಷಕ್ಕೆ, 2023ರಲ್ಲಿ, ಫ್ರಿಕಡೆಲ್ಲಿ ಟೀಮು ಫೆರಾರಿ ಕಾರಲ್ಲಿ 24 ಗಂಟೆ ರೇಸ್ ಗೆದ್ದಿತು, 162 ಸುತ್ತು, ಅಲ್ಲಿಯವರೆಗಿನ ದಾಖಲೆ. ಅದನ್ನ ನೋಡೋಕೆ ಅವ್ರು ಇರ್ಬೇಕಿತ್ತು. ನಾನು ಅವತ್ತು ಫೋನಲ್ಲಿ ರೇಸ್ ನೋಡ್ತಾ ಅಡುಗೆಮನೇಲಿ ನಿಂತು ಅತ್ತಿದೀನಿ.

ಊಟದ ಬಗ್ಗೆ ಹೇಳ್ದೆ ಇದ್ರೆ ರಿವ್ಯೂ ಪೂರ್ತಿ ಆಗಲ್ಲ. ಅದೇ ಹೋಟೆಲ್ ಆಮ್ ಟಿಯರ್‌ಗಾರ್ಟನ್ ನೆಲಮಾಳಿಗೆಲಿ ಪಿಸ್ಟೆನ್‌ಕ್ಲೌಸೆ ಅಂತ ರೆಸ್ಟೋರೆಂಟ್ ಇದೆ. ರಾತ್ರಿ ಹೋಗೋದಾದ್ರೆ ಮುಂಚೇನೇ ಟೇಬಲ್ ಹೇಳಿಟ್ಟಿರಿ. ಗೋಡೆ ತುಂಬ ರೇಸಿನ ಫೋಟೋ, ಸಹಿ, ಹಳೇ ಕಾರಿನ ಭಾಗಗಳು, ಒಂದು ಅಂಗೈ ಜಾಗ ಖಾಲಿ ಇಲ್ಲ. ಅಲ್ಲಿ ಪ್ರಸಿದ್ಧ ಅಂದ್ರೆ ಬಿಸಿ ಕಲ್ಲಿನ ಸ್ಟೇಕ್, ಕಾದ ಕಲ್ಲು ಹಲಗೆ ಮೇಲೆ ಇಟ್ಟು ಹಸಿ ಮಾಂಸನ ನಿಮ್ಮ ಮುಂದೆ ತಂದಿಡ್ತಾರೆ, ನಿಮಗೆ ಬೇಕಾದಷ್ಟು ನೀವೇ ಬೇಯಿಸ್ಕೊಂಡು ತಿನ್ನೋದು. ತಮ್ಮ ತರಿಸ್ಕೊಂಡ, ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದಾಗ ಬರುತ್ತಲ್ಲ ಚುಂಯ್ ಅಂತ, ಅದೇ ಶಬ್ದ, ಅಕ್ಕಪಕ್ಕದ ಎಲ್ಲಾ ಟೇಬಲ್ಲಿಂದನೂ. ಬಟ್ಟೆಗೆ ವಾಸನೆ ಹಿಡಿಯುತ್ತೆ, ಒಳ್ಳೇ ಸ್ವೆಟರ್ ಹಾಕ್ಕೊಂಡು ಹೋಗ್ಬೇಡಿ. ನಾನು ಮಾಂಸ ತಿನ್ನಲ್ಲ, ಬೇರೆ ತರಿಸ್ಕೊಂಡೆ, ರುಚಿಯಾಗಿತ್ತು, ಹೊಟ್ಟೆ ತುಂಬ್ತು, ಅದಕ್ಕಿಂತ ಜಾಸ್ತಿ ಹೇಳೋದು ಏನಿಲ್ಲ. ಹೇಳ್ಬೇಕಾಗಿರೋದು ಬಡಿಸೋರ ಬಗ್ಗೆ. ಜಾಗ ತುಂಬಿ ತುಳುಕ್ತಿತ್ತು, ಆದ್ರೂ ನಮ್ಮ ಟೇಬಲ್ಲಿಗೆ ಬಂದ ಹುಡುಗಿ ಇವತ್ತು ಲ್ಯಾಪ್ ಹೋಗಿದ್ರಾ, ಮೊದಲ ಸಲನಾ ಅಂತ ನಿಂತು ಕೇಳಿದ್ಲು, ಅವಸರದಲ್ಲಿ ಕೇಳಿದ್ದಲ್ಲ, ಉತ್ತರಕ್ಕೆ ಕಾದ್ಲು. ತಮ್ಮ ನನ್ನ ಕಡೆ ಬಾಗಿ, "ಅಕ್ಕಾ, ಇಲ್ಲಿ ಬೆಳೆದೋರು ಹಾಗಾಗ್ದೆ ಇನ್ನೇನಾಗ್ತಾರೆ" ಅಂದ.

ಮಾರನೇ ದಿನ ವಾಪಸ್ ಹೊರಡೋ ಮುಂಚೆ ನಾನೇ ನಮ್ಮ ವೋಕ್ಸ್‌ವ್ಯಾಗನ್ ಗಾಲ್ಫ್ ಕಾರು ತಗೊಂಡು ಒಂದು ಸುತ್ತು ಹೋದೆ. ಇಲ್ಲೊಂದು ಎಚ್ಚರಿಕೆ: ಏರ್‌ಪೋರ್ಟಲ್ಲಿ ಬಾಡಿಗೆಗೆ ತಗೊಂಡ ಕಾರು ದಯವಿಟ್ಟು ಒಳಗೆ ತಗೊಂಡ್ ಹೋಗ್ಬೇಡಿ, ಆ ಕಂಪನಿಗಳ ಕರಾರಲ್ಲಿ ಸಾಮಾನ್ಯವಾಗಿ ಅದನ್ನ ನಿಷೇಧಿಸಿರ್ತಾರೆ, ಸ್ವಂತ ಕಾರಾದ್ರೂ ಇನ್ಶೂರೆನ್ಸ್ ಪತ್ರ ಓದಿ, ಎಷ್ಟೋ ಪಾಲಿಸಿ ಇಲ್ಲಿಗೆ ಅನ್ವಯ ಆಗಲ್ಲ. ಗಾರ್ಡ್‌ರೇಲಿಗೆ ಗುದ್ದಿದ್ರೆ ಅದರ ರಿಪೇರಿ ದುಡ್ಡು ನಿಮ್ಮ ಮೇಲೇ, ಟ್ರ್ಯಾಕ್ ಮುಚ್ಚಬೇಕಾಗಿ ಬಂದ್ರೆ ಅದರದ್ದೂ ಸೇರುತ್ತೆ. ಕನ್ನಡಿ ಮೇಲೆ ಕಣ್ಣಿಟ್ಟಿರಿ, ಹಿಂದಿಂದ ವೇಗವಾಗಿ ಬರೋರು ಕಂಡ್ರೆ ಬಲಗಡೆ ಇಂಡಿಕೇಟರ್ ಹಾಕಿ ಬಲಕ್ಕೆ ಇರಿ, ಅವ್ರು ಎಡಗಡೆಯಿಂದ ಹೋಗ್ತಾರೆ. ಇದು ಮರ್ಯಾದೆ ಪ್ರಶ್ನೆ ಅಲ್ಲ.

ತಮ್ಮ ಪಕ್ಕದಲ್ಲಿ ಕೂತು ತಿರುವು ಎಣಿಸ್ತೀನಿ ಅಂದ. ಜೋರಾಗಿ ಎಣಿಸ್ತಿದ್ದ, ನಾನು ನಿಧಾನಕ್ಕೆ, ಮಡಿಕೇರಿ ರೋಡಲ್ಲಿ ಅಪ್ಪ ಓಡಿಸ್ತಿದ್ರಲ್ಲ ಆ ವೇಗದಲ್ಲಿ. ಬ್ರೈಡ್‌ಶೈಡ್ ಸೇತುವೆ ಬಂದಾಗ ಕಾಲು ಎತ್ತಿ ಎಡಕ್ಕೆ ಬಲಕ್ಕೆ ನೋಡಿದೆ, ಈ ಸಲ ಮನೆಗಳು ಸರಿಯಾಗಿ ಕಂಡ್ವು, ಒಂದು ಬಾಲ್ಕನೀಲಿ ಯಾರೋ ಬಟ್ಟೆ ಒಣಗ್ಸಿದ್ರು. "ಎಷ್ಟಾಯ್ತೋ?" ಅಂದೆ. "ಬಿಟ್ಟೋಯ್ತು ಅಕ್ಕಾ, ಇನ್ನೊಂದು ಸುತ್ತು ಹೋಗೋಣ" ಅಂದ. ಹೋದ್ವಿ, ಇನ್ನೊಂದು 30 ಯೂರೋ ಕಟ್ಟಿ.